ಪ್ಯಾರಮ್ಯಾಟ: ಒಂದು ಕೌನ್ಸಿಲ್ಲಿನ ಗಡಿಯೊಳಗೆ ಸುತ್ತಾಟ

ಸಿಡ್ನಿಗೆ ಬಂದವರು ಓಪೆರಾ ಹೌಸ್ ನೋಡುತ್ತಾರೆ, ಬ್ಲೂ ಮೌಂಟನ್ಸಿಗೆ ಹೋಗುವಾಗ ಪ್ಯಾರಮ್ಯಾಟವನ್ನು ರೈಲಿನ ಕಿಟಕಿಯಲ್ಲಿ ಕಂಡು ಮುಂದೆ ಸಾಗುತ್ತಾರೆ. ಮಕ್ಕಳ ಮನೆಗೆಂದು ವೆಸ್ಟ್‌ಮೀಡಿಗೋ ವೆಂಟ್‌ವರ್ತ್‌ವಿಲ್ಲಿಗೋ ಬಂದು ತಿಂಗಳುಗಟ್ಟಲೆ ಇರುವ ನಮ್ಮ ಕಡೆಯ ಹಿರಿಯರಿಗೂ ಅದು ಹೆಚ್ಚಾಗಿ ತರಕಾರಿ, ಬಟ್ಟೆ ಕೊಳ್ಳುವ ಪೇಟೆಯಷ್ಟೇ. ಶನಿವಾರದಿಂದ ಮಂಗಳವಾರದವರೆಗೆ ಬಿಡುವು ಮಾಡಿಕೊಂಡರೆ ಆ ಊರನ್ನು ಸರಿಯಾಗಿ ನೋಡಬಹುದು.

ಸಿಟಿ ಆಫ್ ಪ್ಯಾರಮ್ಯಾಟ ಕೌನ್ಸಿಲ್ಲಿನ, ಎಂದರೆ ಇಲ್ಲಿನ ನಗರಸಭೆಯ, ವಿಸ್ತೀರ್ಣ ಸುಮಾರು 84 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಇಲ್ಲಿ ಸುತ್ತುವಾಗ ಪ್ರತಿ ಜಾಗದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾರ ಕೈಯಲ್ಲಿದೆ, ಕೌನ್ಸಿಲ್ಲಿನದೋ ನ್ಯೂ ಸೌತ್ ವೇಲ್ಸ್ ರಾಜ್ಯ ಸರ್ಕಾರದ್ದೋ? ಅದು ತಿಳಿದರೆ ಊರಿನ ಅರ್ಧ ಇತಿಹಾಸವೂ ಇವತ್ತಿನ ಜಗಳಗಳೂ ತಾವಾಗಿ ಬಿಡಿಸಿಕೊಳ್ಳುತ್ತವೆ.

ಶನಿವಾರ: ನದಿಯಿಂದ ಊರಿಗೆ

ರೈಲಿನಲ್ಲಿ ಅರ್ಧ ಗಂಟೆಯ ಹಾದಿಯಾದರೂ ಮೊದಲ ಸಲ ಬರುವವರು ಸಿಡ್ನಿ ಬಂದರಿನ ಸರ್ಕ್ಯುಲರ್ ಕೀಯಿಂದ ಎಫ್3 ಫೆರಿಯಲ್ಲೇ ಬರಬೇಕು. ಒಂದೂವರೆ ಗಂಟೆ ಹಿಡಿಯುತ್ತದೆ. 1788ರ ನವೆಂಬರಿನಲ್ಲಿ ಬ್ರಿಟಿಷ್ ವಸಾಹತಿನ ಮೊದಲ ಗವರ್ನರ್ ಆರ್ಥರ್ ಫಿಲಿಪ್ ಬಂದದ್ದೂ ಈ ನದಿಯ ದಾರಿಯಲ್ಲೇ. ಸಿಡ್ನಿ ಕೋವಿನ ಮರಳು ನೆಲದಲ್ಲಿ ಬೆಳೆ ಕೈಗೆ ಹತ್ತಲಿಲ್ಲ, ಹಡಗಿನಲ್ಲಿ ತಂದ ದಿನಸಿ ಕರಗುತ್ತಿತ್ತು. ಉಳುವ ಮಣ್ಣು ಹುಡುಕಿಕೊಂಡು ಬಂದು ರೋಸ್‌ಹಿಲ್ ಎಂಬ ನೆಲೆ ಹೂಡಿದರು. 1791ರಲ್ಲಿ ಅದು ಪ್ಯಾರಮ್ಯಾಟ ಆಯಿತು. ಆ ಮಣ್ಣು ಖಾಲಿ ಇರಲಿಲ್ಲ. ಧರುಗ್ ಜನರ ಬುರ್ರಮಟ್ಟಗಲ್ ಕುಲದವರು ಇಲ್ಲಿ ಈಲ್ ಮೀನು ಹಿಡಿದು, ಗೆಣಸು ಅಗೆದು ಬಾಳುತ್ತಿದ್ದರು. ಹೊಲ ಬಿದ್ದಂತೆ ಅವರ ಊಟದ ನೆಲ ಹೋಯಿತು. 1797ರಲ್ಲಿ ಪೆಮುಲ್‌ವುಯ್ ಎಂಬ ಯೋಧ ತನ್ನವರೊಡನೆ ಪ್ಯಾರಮ್ಯಾಟಕ್ಕೇ ನುಗ್ಗಿ ಸೈನಿಕರ ಎದುರು ನಿಂತ. ಗುಂಡೇಟು ತಿಂದು ಸೆರೆಯಾಗಿ, ಆಸ್ಪತ್ರೆಯಿಂದ ತಪ್ಪಿಸಿಕೊಂಡ.

ಫೆರಿಯಲ್ಲಿ ಬಲಗಡೆ ಕೂತುಕೊಳ್ಳಿ. ಎರಡೂ ದಡದಲ್ಲಿ ಕಾಂಡ್ಲಾ ಕಾಡು ದಟ್ಟವಾಗುತ್ತ ಬರುತ್ತದೆ. ರೈಡಲ್‌ಮಿಯರ್ ಹತ್ತಿರ ಬಲದಡದಲ್ಲಿ ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡ ಕಾಣುತ್ತದೆ. 1813ರಲ್ಲಿ ಅಡಿಗಲ್ಲು ಹಾಕಿದ ಹೆಣ್ಣುಮಕ್ಕಳ ಅನಾಥಾಲಯ ಅದು; ಈಗ ವೆಸ್ಟರ್ನ್ ಸಿಡ್ನಿ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಎದುರು ದಡದ ಕಮೀಲಿಯಾ ಹಳೆಯ ಕೈಗಾರಿಕೆಯ ನೆಲ: ಕಲ್ನಾರು ಶೀಟಿನ ಕಾರ್ಖಾನೆಯಿತ್ತು, ಪಕ್ಕದ ಕ್ಲೈಡಿನಲ್ಲಿ ತೈಲ ಶುದ್ಧೀಕರಣವಿತ್ತು. ಅಲ್ಲಿ ಏನು ಕಟ್ಟಬೇಕೆಂದರೂ ಮೊದಲು ಮಣ್ಣು ಶುದ್ಧಿ ಮಾಡಬೇಕು. ಪೇಟೆಗೆ ಇಷ್ಟು ಹತ್ತಿರವಿದ್ದೂ ಆ ಜಾಗ ಹಿಂದೆ ಬಿದ್ದಿರುವುದಕ್ಕೆ ಕಾರಣ ಅದು.

ಒಂದು ಎಚ್ಚರ. ಸಮುದ್ರದ ಇಳಿತದ ಹೊತ್ತಿನಲ್ಲಿ ರೈಡಲ್‌ಮಿಯರಿನ ಮೇಲೆ ನೀರು ಆಳ ಸಾಲುವುದಿಲ್ಲ. ಆಗ ಎಲ್ಲರನ್ನೂ ರೈಡಲ್‌ಮಿಯರಿನಲ್ಲಿ ಇಳಿಸಿ ಬಸ್ಸಿಗೆ ಹತ್ತಿಸುತ್ತಾರೆ. ವೇಳಾಪಟ್ಟಿಯಲ್ಲಿ ಯಾವ ಫೆರಿಗೆ ಬಸ್ಸು ಜೋಡಣೆಯಿದೆ ಎಂದು ಗುರುತು ಹಾಕಿರುತ್ತಾರೆ, ಹೊರಡುವ ಮುಂಚೆ ನೋಡಿ. ಬಸ್ಸು, ರೈಲು, ಫೆರಿಗೆ ಹಣ ಕಟ್ಟುವ ಓಪಲ್ ಕಾರ್ಡು ಇಲ್ಲದಿದ್ದರೆ ಬ್ಯಾಂಕಿನ ಕಾರ್ಡೇ ಸಾಕು, ಆದರೆ ಹತ್ತುವಾಗ ತಟ್ಟಿದ ಕಾರ್ಡನ್ನೇ ಇಳಿಯುವಾಗಲೂ ತಟ್ಟಬೇಕು. ಹತ್ತುವಾಗ ಫೋನು, ಇಳಿಯುವಾಗ ಕಾರ್ಡು ತಟ್ಟಿದರೆ ಎರಡು ಅಪೂರ್ಣ ಪ್ರಯಾಣವೆಂದು ಲೆಕ್ಕವಾಗಿ ಎರಡಕ್ಕೂ ಗರಿಷ್ಠ ದರ ಹೋಗುತ್ತದೆ. ಶುಕ್ರವಾರದಿಂದ ಭಾನುವಾರದವರೆಗೆ ದಿನದ ಗರಿಷ್ಠ ದರ ಕಡಿಮೆ. ದೂರದ ಫೆರಿಗೆ ವಾರಾಂತ್ಯವೇ ಲಾಭ.

ಇಳಿಯುವ ಕಟ್ಟೆಯ ಮೇಲೆಯೇ ಚಾರ್ಲ್ಸ್ ಸ್ಟ್ರೀಟಿನ ಒಡ್ಡು. ಉಪ್ಪುನೀರು ಇಲ್ಲಿಗೆ ಮುಗಿದು ಸಿಹಿನೀರು ಶುರು. ಈಲ್ ಮೀನು ಬಲಿತ ಮೇಲೆ ಈ ನದಿಯಿಂದ ಸಮುದ್ರಕ್ಕಿಳಿದು, ಉತ್ತರದ ಕೋರಲ್ ಸಮುದ್ರದವರೆಗೆ ಈಜಿ, ಅಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಗಾಜಿನಂಥ ಮರಿಗಳು ಪ್ರವಾಹ ಹಿಡಿದು ಹಿಂತಿರುಗಿ ಒಡ್ಡು ಏರಿ ಬರುತ್ತವೆ. ಅವಕ್ಕೆಂದೇ ಮೀನಿನ ಮೆಟ್ಟಿಲು ಕಟ್ಟಿದ್ದಾರೆ. ಊರಿನ ರಗ್ಬಿ ಲೀಗ್ ತಂಡದ ಹೆಸರೂ ಈಲ್ಸ್.

ನದಿಯ ಪಕ್ಕದ ಕಾಲುದಾರಿಯಲ್ಲಿ ಪಶ್ಚಿಮಕ್ಕೆ ನಡೆಯಿರಿ. ಜೋರು ಮಳೆಯ ದಿನ ಈ ದಾರಿ ಬೇಡ. ಜಲಾನಯನ ಚಿಕ್ಕದು, ಇಳಿಜಾರು ಹೆಚ್ಚು, ಮೇಲೆಲ್ಲ ಕಾಂಕ್ರೀಟು. ಹೀಗಾಗಿ ನೀರು ಕೆಲವೇ ಗಂಟೆಯಲ್ಲಿ ಏರಿ ದಾರಿಯನ್ನು ಮುಚ್ಚುತ್ತದೆ. ಕೌನ್ಸಿಲ್ ಇದಕ್ಕಾಗಿ ಫ್ಲಡ್‌ಸ್ಮಾರ್ಟ್ ಎಂಬ ಮುನ್ಸೂಚನೆ ವ್ಯವಸ್ಥೆ ನಡೆಸುತ್ತದೆ. ದಾರಿಯಲ್ಲಿ ಸಿಗುವ ಲೆನಾಕ್ಸ್ ಸೇತುವೆ 1839ರದು, ಡೇವಿಡ್ ಲೆನಾಕ್ಸ್ ಕಟ್ಟಿಸಿದ ಒಂಟಿ ಕಲ್ಲುಕಮಾನು. ಇಂದಿಗೂ ಚರ್ಚ್ ಸ್ಟ್ರೀಟಿನ ಸಂಚಾರ ಅದರ ಮೇಲೆಯೇ ಹೋಗುತ್ತದೆ.

ಮಧ್ಯಾಹ್ನ ಪ್ಯಾರಮ್ಯಾಟ ಪಾರ್ಕ್. ಊರ ನಡುವಿನ ಉದ್ಯಾನವಾದ್ದರಿಂದ ಕೌನ್ಸಿಲ್ಲಿನದೇ ಎಂದು ಎಲ್ಲರೂ ತಿಳಿಯುತ್ತಾರೆ, ಆದರೆ ಇದು ರಾಜ್ಯದ ಟ್ರಸ್ಟಿನ ಕೈಯಲ್ಲಿದೆ. ಪಕ್ಕದ 30,000 ಆಸನದ ಕ್ರೀಡಾಂಗಣವೂ ರಾಜ್ಯದ್ದೇ. ಗುಡ್ಡದ ಮೇಲಿನ ಬಿಳಿ ಮನೆ ಓಲ್ಡ್ ಗವರ್ನಮೆಂಟ್ ಹೌಸ್. ಗವರ್ನರ್ ಹಂಟರ್ ಅದನ್ನು 1799ರಲ್ಲಿ ಕಟ್ಟಿಸಿದ. 2010ರಲ್ಲಿ ಬ್ರಿಟನ್ನಿನಿಂದ ಸಾಗಿಸಿ ತಂದ ಕೈದಿಗಳ ಆಸ್ಟ್ರೇಲಿಯಾದ ನೆಲೆಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1810ರಿಂದ ಇಲ್ಲಿದ್ದು ಮನೆಯನ್ನು ಎರಡೂ ಬದಿಗೆ ವಿಸ್ತರಿಸಿದವನು ಗವರ್ನರ್ ಲಾಕ್ಲನ್ ಮಕ್ವಾರಿ. ಕನ್ನಡಿಗರು ಈ ಹೆಸರಿನ ಮುಂದೆ ಒಂದು ಗಳಿಗೆ ನಿಲ್ಲಬೇಕು. ಈ ಮನೆ ಏಳುತ್ತಿದ್ದ 1799ರಲ್ಲೇ ಮಕ್ವಾರಿ ಬೊಂಬಾಯಿ ಸೈನ್ಯದ ಅಧಿಕಾರಿಯಾಗಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. 1792ರ ಮುತ್ತಿಗೆಯಲ್ಲೂ ಇದ್ದವನೇ. ಸಿಡ್ನಿಯಲ್ಲಿ ಬೀದಿ, ವಿಶ್ವವಿದ್ಯಾಲಯ, ಬ್ಯಾಂಕು ಎಲ್ಲಕ್ಕೂ ಇರುವ ಈ ಹೆಸರಿನ ಹಿಂದೆ ಕಾವೇರಿಯ ದಡವೂ ಇದೆ ಎಂಬುದನ್ನು ಇಲ್ಲಿನ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಹೇಳಬೇಕು.

ಮನೆಯ ಹಿಂದೆ ಹುಲ್ಲಿನ ನಡುವೆ ನಿಂತ ಜೋಡಿ ಕಲ್ಲುಕಂಬ ಗವರ್ನರ್ ಬ್ರಿಸ್ಬೇನಿನ ವೀಕ್ಷಣಾಲಯದ ಉಳಿಕೆ. 1822ರ ಜೂನಿನಲ್ಲಿ ಎಂಕೆ ಧೂಮಕೇತು ಲೆಕ್ಕ ಹಾಕಿದಂತೆಯೇ ಹಿಂದಿರುಗಿದ್ದನ್ನು ಕಂಡುಹಿಡಿದದ್ದು ಇಲ್ಲಿಂದ.

ಭಾನುವಾರ: ರೋಸ್‌ಹಿಲ್, ಹ್ಯಾರಿಸ್ ಪಾರ್ಕ್

ಹಳೆಯ ಹೊಲಮನೆಗಳು ವಾರದ ಎಲ್ಲ ದಿನ ತೆರೆಯುವುದಿಲ್ಲ. ಅದಕ್ಕೇ ಇವು ಭಾನುವಾರಕ್ಕೆ.

ಮೊದಲು ಎಲಿಜಬೆತ್ ಫಾರ್ಮ್, 1793ರದು. ಆಸ್ಟ್ರೇಲಿಯಾದಲ್ಲಿ ಉಳಿದಿರುವ ಐರೋಪ್ಯರ ಮನೆಗಳಲ್ಲಿ ಇದಕ್ಕಿಂತ ಹಳೆಯದಿಲ್ಲ. ಜಾನ್ ಮಕಾರ್ಥರ್ ಇಲ್ಲಿ ಕುರಿತಳಿಯ ಪ್ರಯೋಗ ಶುರುಮಾಡಿದಾಗ ಮೊದಲ ಹಿಂಡು ಬಂದದ್ದು ಬಂಗಾಳದಿಂದ. ಕೂದಲು ಹೆಚ್ಚು, ಉಣ್ಣೆ ಕಡಿಮೆಯ ಕುರಿಗಳು. ಐರಿಷ್ ಟಗರಿನೊಡನೆ ಕೂಡಿಸಿದಾಗ ಮರಿಗಳಲ್ಲಿ ಉಣ್ಣೆ ಕಂಡಿತು. ನಯವಾದ ಉಣ್ಣೆಯ ಮೆರಿನೋ ತಳಿ ಆಮೇಲಿನ ಮಾತು. ಗಂಡ ಇಂಗ್ಲೆಂಡಿನಲ್ಲಿದ್ದ ವರ್ಷಗಟ್ಟಲೆ ಕಾಲ ಹಿಂಡನ್ನೂ ಲೆಕ್ಕವನ್ನೂ ನಡೆಸಿದವಳು ಎಲಿಜಬೆತ್, ಮನೆಗೆ ಅವಳ ಹೆಸರಿರುವುದು ನ್ಯಾಯವೇ. ಇಲ್ಲಿನ ವಸ್ತುಗಳನ್ನು ಮುಟ್ಟಬಹುದು, ಕುರ್ಚಿಯಲ್ಲಿ ಕೂರಬಹುದು, ಮಕ್ಕಳಿಗೆ ಒಳ್ಳೆಯದು.

ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಎಕ್ಸ್‌ಪೆರಿಮೆಂಟ್ ಫಾರ್ಮ್. ಜೇಮ್ಸ್ ರೂಸ್ ಎಂಬ ಮಾಜಿ ಕೈದಿಗೆ ಫಿಲಿಪ್ ನೆಲ ಕೊಟ್ಟು, ಒಂದು ಸಂಸಾರ ತನ್ನ ದುಡಿಮೆಯಲ್ಲಿ ಬದುಕಬಲ್ಲದೇ ಎಂದು ಪರೀಕ್ಷಿಸಿದ. ರೂಸ್ ಗೆದ್ದ, 1792ರಲ್ಲಿ 30 ಎಕರೆಯ ಹಕ್ಕುಪತ್ರ ಸಿಕ್ಕಿತು. ಆ ನೆಲ ಮುಂದೆ ಸೈನ್ಯದ ವೈದ್ಯ ಜಾನ್ ಹ್ಯಾರಿಸನ ಪಾಲಾಯಿತು. ಹ್ಯಾರಿಸ್ ಪಾರ್ಕಿಗೆ ಹೆಸರು ಕೊಟ್ಟವನು ಇವನೇ, ಇಲ್ಲಿಗೆ ಬರುವ ಮುಂಚೆ ಭಾರತದಲ್ಲಿ ವರ್ಷಗಳ ಕಾಲ ವೈದ್ಯನಾಗಿದ್ದವನು.

ಸಂಜೆ ಹ್ಯಾರಿಸ್ ಪಾರ್ಕಿನ ವಿಗ್ರಾಮ್ ಸ್ಟ್ರೀಟ್, ಮೇರಿಯನ್ ಸ್ಟ್ರೀಟ್. ಹಳೆಯ ಸಣ್ಣ ಇಟ್ಟಿಗೆ ಮನೆಗಳ ಮುಂದಿನ ಅಂಗಳವೆಲ್ಲ ಹೋಟೆಲಿನ ಮೇಜುಗಳು. ಇಲ್ಲಿ ನೆಲೆಸಿದವರಲ್ಲಿ ಅರ್ಧದ ಹತ್ತಿರ ಜನ ಭಾರತದಲ್ಲಿ ಹುಟ್ಟಿದವರು. ಚಾಟ್, ಜಿಲೇಬಿ, ದೋಸೆ, ಕಬ್ಬಿನ ಹಾಲು ಎಲ್ಲ ಸಿಗುತ್ತದೆ. 2023ರ ಮೇ ತಿಂಗಳಲ್ಲಿ ಭಾರತದ ಪ್ರಧಾನಿ ಸಿಡ್ನಿಗೆ ಬಂದಾಗ ಇಲ್ಲಿನ ‘ಲಿಟಲ್ ಇಂಡಿಯಾ’ ಹೆಬ್ಬಾಗಿಲಿನ ಅಡಿಗಲ್ಲಿನ ಫಲಕ ಅನಾವರಣವಾಯಿತು. ಅದೇ ತಿಂಗಳು ಕೌನ್ಸಿಲ್ ಸಮೀರ್ ಪಾಂಡೆ ಅವರನ್ನು ಲಾರ್ಡ್ ಮೇಯರ್ ಆಗಿ ಆರಿಸಿತು. ಈ ಊರಿನಲ್ಲಿ ಆ ಕುರ್ಚಿಗೇರಿದ ಭಾರತೀಯ ಮೂಲದ ಮೊದಲಿಗರು ಅವರು. ಬಡಾವಣೆಯ ಹೆಸರು ಮಾತ್ರ ಹ್ಯಾರಿಸ್ ಪಾರ್ಕೇ, ಏಕೆಂದರೆ ಅದನ್ನು ಬದಲಿಸುವ ಅಧಿಕಾರ ರಾಜ್ಯದ ಭೌಗೋಳಿಕ ನಾಮಮಂಡಳಿಯದು.

ಕಾರು ತರಬೇಡಿ. ಬೀದಿಗಳು ಇಕ್ಕಟ್ಟು, ನಿಲುಗಡೆಗೆ ಗಂಟೆಯ ಮಿತಿಯಿದೆ, ನಿವಾಸಿಗಳ ಮನೆಬಾಗಿಲಿಗೆ ಅಡ್ಡ ನಿಲ್ಲಿಸಿದರೆ ದಂಡ ಖಂಡಿತ. ಎಲ್ಲ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲ. ಪ್ಯಾರಮ್ಯಾಟ ನಿಲ್ದಾಣದಲ್ಲಿ ಇಳಿದು ಕಾಲು ಗಂಟೆ ನಡೆಯುವುದು ಸುಲಭ. ಬೀದಿಬದಿಯ ಮೇಜಿಗೆ ಅನುಮತಿ ಕೊಡುವುದು, ಅಡಿಗೆಮನೆ ತಪಾಸಣೆ, ಕಸ, ಗಲಾಟೆಯ ದೂರು, ಇವೆಲ್ಲ ಅಪ್ಪಟ ಕೌನ್ಸಿಲ್ ಕೆಲಸ. ಕೌನ್ಸಿಲ್ಲನ್ನು ನಿಜವಾಗಿ ನೋಡಬೇಕಾದರೆ ಭಾನುವಾರ ರಾತ್ರಿ ಊಟದ ಹೊತ್ತು ಕಳೆದ ಮೇಲಿನ ಈ ಬೀದಿಗಳನ್ನು ನೋಡಬೇಕು.

ಸೋಮವಾರ: ಟ್ರಾಮಿನ ಹಾದಿ, ಸಂಜೆ ಸಭೆ

2024ರ ಡಿಸೆಂಬರ್ 20ರಂದು ಓಡಲು ಶುರುವಾದ ಲೈಟ್ ರೈಲು ವೆಸ್ಟ್‌ಮೀಡಿನಿಂದ ಕಾರ್ಲಿಂಗ್‌ಫರ್ಡಿಗೆ, 12 ಕಿಲೋಮೀಟರ್, 16 ನಿಲ್ದಾಣ. ಚರ್ಚ್ ಸ್ಟ್ರೀಟಿನ ಭಾಗದಲ್ಲಿ ಮೇಲೆ ತಂತಿಯಿಲ್ಲ, ಟ್ರಾಮು ತನ್ನೊಳಗಿನ ಬ್ಯಾಟರಿಯಲ್ಲಿ ಓಡುತ್ತದೆ. ಕಾರ್ಡು ತಟ್ಟುವ ಕಂಬ ಪ್ಲಾಟ್‌ಫಾರ್ಮಿನಲ್ಲಿರುತ್ತದೆ, ಟ್ರಾಮಿನೊಳಗೆ ಇರುವುದಿಲ್ಲ. ಗೇಟೂ ಇಲ್ಲದ್ದರಿಂದ ಇಳಿದವರು ತಟ್ಟುವುದನ್ನು ಮರೆತುಬಿಡುತ್ತಾರೆ.

ವೆಸ್ಟ್‌ಮೀಡಿನಿಂದ ಹತ್ತಿ. ದೊಡ್ಡ ಆಸ್ಪತ್ರೆ, ಮಕ್ಕಳ ಆಸ್ಪತ್ರೆ ದಾಟಿ ನಾರಾ ನಿಲ್ದಾಣ. ಮುಂದಿನದು ಬೆನೋ ಓವಲ್. ಕ್ರಿಕೆಟ್ ಬಲ್ಲವರಿಗೆ ಹೆಸರು ಸಾಕು, ರಿಚಿ ಬೆನೋ ಪ್ಯಾರಮ್ಯಾಟ ಹೈಸ್ಕೂಲಿನಲ್ಲಿ ಓದಿದವರು. ಈ ಸುತ್ತಲಲ್ಲಿರುವುದು 1821ರ ಫೀಮೇಲ್ ಫ್ಯಾಕ್ಟರಿ, ಫ್ರಾನ್ಸಿಸ್ ಗ್ರೀನ್‌ವೇಯ ವಿನ್ಯಾಸ. ಹಡಗಿನಲ್ಲಿ ಬಂದ ಹೆಣ್ಣು ಕೈದಿಗಳನ್ನು ಇಲ್ಲಿ ಮೂರು ವರ್ಗ ಮಾಡಿ ಇಡುತ್ತಿದ್ದರು. ನೂಲುವುದು, ನೇಯುವುದು, ಹೆರಿಗೆ, ಶಿಕ್ಷೆ, ಮನೆಗೆಲಸಕ್ಕೋ ಮದುವೆಗೋ ಆರಿಸಿಕೊಳ್ಳಲು ಬಂದವರ ಮುಂದೆ ಸಾಲು ನಿಲ್ಲುವುದು, ಎಲ್ಲ ಒಂದೇ ಗೋಡೆಯೊಳಗೆ. 1827ರಲ್ಲಿ ಊಟ ಕಡಿತ ಮಾಡಿದಾಗ ಹೆಂಗಸರು ಬಾಗಿಲು ಮುರಿದು ಪೇಟೆಗೆ ನುಗ್ಗಿ ರೊಟ್ಟಿ ಹೊತ್ತುಕೊಂಡು ಬಂದರು. ಪಕ್ಕದ ಗರ್ಲ್ಸ್ ಹೋಮ್ 1974ರವರೆಗೆ ನಡೆಯಿತು. ಅಲ್ಲಿ ಹಿಂಸೆ ಅನುಭವಿಸಿದವರು ಇನ್ನೂ ಬದುಕಿದ್ದಾರೆ, ಕ್ಯಾಮೆರಾ ಜೇಬಿನಲ್ಲಿರಲಿ. 2017ರಲ್ಲಿ ಈ ಆವರಣ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು.

ಊರ ನಡುವೆ ನದಿಯ ದಡದಲ್ಲಿ ಪವರ್‌ಹೌಸ್ ಮ್ಯೂಸಿಯಮ್ಮಿನ ಹೊಸ ಕಟ್ಟಡವಿದೆ. ಅದಕ್ಕಾಗಿ ವಿಲೋ ಗ್ರೋವ್ ಎಂಬ ಹತ್ತೊಂಬತ್ತನೆಯ ಶತಮಾನದ ಮನೆಯನ್ನು 2021ರಲ್ಲಿ ಬಿಚ್ಚಿದರು. ಊರವರು ಬಹಳ ಹೋರಾಡಿದರು, ಆದರೆ ಯೋಜನೆ ರಾಜ್ಯದ್ದು. ಕೌನ್ಸಿಲ್ಲಿನ ಒಪ್ಪಿಗೆ ಬೇಕಿರಲಿಲ್ಲ.

ರೋಸ್‌ಹಿಲ್ ಗಾರ್ಡನ್ಸ್ ದಾಟಿದ ಮೇಲೆ ಟ್ರಾಮು ಹಿಡಿಯುವುದು 2020ರ ಜನವರಿಯಲ್ಲಿ ಮುಚ್ಚಿದ ಕಾರ್ಲಿಂಗ್‌ಫರ್ಡ್ ರೈಲುಹಾದಿಯನ್ನು. ಹಳಿಯ ಪಕ್ಕದಲ್ಲೇ ಸೈಕಲ್ ದಾರಿ ಇದೆ.

ಸಂಜೆಗೆ ಪ್ಯಾರಮ್ಯಾಟ ಸ್ಕ್ವೇರಿಗೆ ಹಿಂದಿರುಗಿ. 1883ರ ಹಳೆಯ ಟೌನ್‌ಹಾಲಿಗೆ ಅಂಟಿಕೊಂಡಂತೆ ಕೆಂಪು ಬಣ್ಣದ, ಮಡಿಚಿದ ಕಾಗದದಂಥ ಕಟ್ಟಡದ ಹೆಸರು ಫೈವ್ (PHIVE). 2022ರಲ್ಲಿ ತೆರೆಯಿತು; ಗ್ರಂಥಾಲಯ, ಸಭಾಕೋಣೆಗಳು, ಕೌನ್ಸಿಲ್ ಸಭಾಂಗಣ ಒಂದೇ ಸೂರಿನಡಿ. ಕೌನ್ಸಿಲ್ ಸಭೆ ಸೋಮವಾರ ಸಂಜೆ, ಆದರೆ ಪ್ರತಿ ಸೋಮವಾರ ಇರುವುದಿಲ್ಲ. ಕೆಲವು ದಿನ ಮುಂಚೆ ಕಾರ್ಯಸೂಚಿ ಜಾಲತಾಣದಲ್ಲಿ ಬರುತ್ತದೆ, ಅದನ್ನು ಓದಿಕೊಂಡು ಹೋಗಿ. ಓದದೆ ಹೋದರೆ ಸಂಖ್ಯೆಗಳನ್ನಷ್ಟೇ ಕೂಗುತ್ತಾ ಸಭೆ ಸರಿದುಹೋಗುತ್ತದೆ. ಪ್ರೇಕ್ಷಕರ ಸಾಲಿನಲ್ಲಿ ಯಾರು ಬೇಕಾದರೂ ಕೂರಬಹುದು. ಮಾತನಾಡಬೇಕಾದರೆ ವಿಷಯ ತಿಳಿಸಿ ಮುಂಚಿತವಾಗಿ ಹೆಸರು ಕೊಡಬೇಕು, ಕೆಲವೇ ನಿಮಿಷ ಸಿಗುತ್ತದೆ. ಸಭೆ ನೇರ ಪ್ರಸಾರವಾಗುತ್ತದೆ, ಆದ್ದರಿಂದ ನೆರೆಯವರ ಹೆಸರೆತ್ತಿ ಆರೋಪ ಮಾಡಬೇಡಿ.

ಐದು ವಾರ್ಡು: ಡಂಡಾಸ್, ಎಪ್ಪಿಂಗ್, ನಾರ್ತ್ ರಾಕ್ಸ್, ಪ್ಯಾರಮ್ಯಾಟ, ರೋಸ್‌ಹಿಲ್. ವಾರ್ಡಿಗೆ ಮೂವರಂತೆ 15 ಸದಸ್ಯರು, ಅವಧಿ ನಾಲ್ಕು ವರ್ಷ. ಲಾರ್ಡ್ ಮೇಯರನ್ನು ಸದಸ್ಯರೇ ತಮ್ಮೊಳಗೆ ಆರಿಸುತ್ತಾರೆ, ಎರಡು ವರ್ಷಕ್ಕೊಮ್ಮೆ. ಪೌರತ್ವ ಪಡೆದು ಪಟ್ಟಿಯಲ್ಲಿರುವವರು ಮತ ಹಾಕಲೇಬೇಕು. ತಪ್ಪಿದರೆ 55 ಡಾಲರ್ ದಂಡ. ಕೌನ್ಸಿಲ್ ಚುನಾವಣೆಗೂ ಇದು ಅನ್ವಯಿಸುತ್ತದೆ ಎಂದು ತಿಳಿಯದೆ ಹೊಸಬರು ದಂಡ ಕಟ್ಟುವುದುಂಟು.

ಇನ್ನೊಂದು ತಪ್ಪು ತಿಳಿವಳಿಕೆ ಇನ್ನೂ ದೊಡ್ಡದು. ಪಕ್ಕದ ಮನೆಯವರು ಎರಡು ಅಂತಸ್ತು ಏರಿಸುತ್ತಾರೆ, ನಮ್ಮ ಅಂಗಳಕ್ಕೆ ಬಿಸಿಲು ತಪ್ಪುತ್ತದೆ ಎಂದು ಜನ ಸದಸ್ಯರ ಬಳಿ ಓಡುತ್ತಾರೆ. ಸಿಡ್ನಿಯ ಕೌನ್ಸಿಲ್ಲುಗಳಲ್ಲಿ 2018ರಿಂದ ಕಟ್ಟಡದ ಅರ್ಜಿಗಳ ಮೇಲೆ ಚುನಾಯಿತ ಸದಸ್ಯರಿಗೆ ಮತವಿಲ್ಲ. ಸಣ್ಣವನ್ನು ಕೌನ್ಸಿಲ್ ಅಧಿಕಾರಿಗಳು, ವಿವಾದದವನ್ನು ಸ್ಥಳೀಯ ಯೋಜನಾ ಸಮಿತಿ, ತೀರಾ ದೊಡ್ಡವನ್ನು ರಾಜ್ಯ ತೀರ್ಮಾನಿಸುತ್ತದೆ. ಆಕ್ಷೇಪಣೆ ಇದ್ದರೆ ಪ್ರಕಟಣೆಯ ಅವಧಿಯೊಳಗೆ ಬರಹದಲ್ಲಿ ಕೊಡಬೇಕು: ಎಷ್ಟು ಮೀಟರ್ ಎತ್ತರ, ಗಡಿಯಿಂದ ಎಷ್ಟು ದೂರ, ಚಳಿಗಾಲದಲ್ಲಿ ಯಾವ ಹೊತ್ತಿಗೆ ನೆರಳು, ನಿಯಮದ ಯಾವ ಅಂಶ ಮೀರಿದೆ. ‘ನಮಗೆ ಇಷ್ಟವಿಲ್ಲ’ ಎಂಬುದಕ್ಕೆ ತೂಕವಿಲ್ಲ. ನಿಯಮಕ್ಕೆ ಪೂರ್ತಿ ಹೊಂದುವ ಮನೆಯಾದರೆ ಖಾಸಗಿ ಪ್ರಮಾಣೀಕರಣಕಾರರೇ ಒಪ್ಪಿಗೆ ಕೊಡಬಹುದು. ಆಗ ನೆರೆಯವರಿಗೆ ಸುದ್ದಿ ಬರುತ್ತದೆ, ಆಕ್ಷೇಪಿಸುವ ಅವಕಾಶ ಬರುವುದಿಲ್ಲ.

ಮಂಗಳವಾರ: ಗಡಿಗಳು

ಪ್ಯಾರಮ್ಯಾಟ ಪುರಸಭೆಯಾದದ್ದು 1861ರ ನವೆಂಬರಿನಲ್ಲಿ, ನಗರ ಪಟ್ಟ ಸಿಕ್ಕದ್ದು 1938ರಲ್ಲಿ. 1949ರಲ್ಲಿ ಗ್ರಾನ್‌ವಿಲ್, ಡಂಡಾಸ್, ಎರ್ಮಿಂಗ್ಟನ್-ರೈಡಲ್‌ಮಿಯರ್ ಸೇರಿ ದೊಡ್ಡದಾಯಿತು. 2016ರ ಮೇ 12ರಂದು ರಾಜ್ಯ ಸರ್ಕಾರ ಒಂದೇ ಆದೇಶದಲ್ಲಿ ನಕ್ಷೆಯನ್ನು ತಿದ್ದಿತು. ದಕ್ಷಿಣದ ವುಡ್‌ವಿಲ್ ವಾರ್ಡು ಆಬರ್ನ್, ಹೋಲ್ರಾಯ್ಡ್ ಕೌನ್ಸಿಲ್ಲುಗಳ ಭಾಗಗಳ ಜೊತೆ ಹೊಸ ಕಂಬರ್‌ಲ್ಯಾಂಡ್ ಕೌನ್ಸಿಲ್ಲಿಗೆ ಹೋಯಿತು. ಪೂರ್ವದ ಒಲಿಂಪಿಕ್ ಪಾರ್ಕ್, ಉತ್ತರದ ಎಪ್ಪಿಂಗ್, ಕಾರ್ಲಿಂಗ್‌ಫರ್ಡ್ ಇತ್ತ ಬಂದವು. 2017ರ ಸೆಪ್ಟೆಂಬರಿನ ಚುನಾವಣೆಯವರೆಗೆ ಸದಸ್ಯರ ಬದಲು ಆಡಳಿತಾಧಿಕಾರಿ ಇದ್ದರು. ನಮ್ಮ ಅಭಿಪ್ರಾಯ ನೇರ: ಹೀಗೆ ತೆಗೆದುಕೊಂಡದ್ದರಲ್ಲಿ ಬೆಳವಣಿಗೆಯ ಹಣ ಹರಿಯುವ ಜಾಗಗಳೇ ಹೆಚ್ಚು, ಬಿಟ್ಟುಕೊಟ್ಟ ದಕ್ಷಿಣದಲ್ಲಿ ದುಡಿಯುವ ವಲಸಿಗರ ಬಡಾವಣೆಗಳೇ ಹೆಚ್ಚು.

ಈ ಗೆರೆ ನಮ್ಮ ಜನರ ಮನೆಗಳ ನಡುವೆಯೇ ಹಾದಿದೆ. ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್ ಎರಡು ಕೌನ್ಸಿಲ್ಲಿಗೆ ಹಂಚಿವೆ, ತೂಂಗಾಬಿ ಮೂರಕ್ಕೆ. ಬಡಾವಣೆಯ ಹೆಸರಿನಿಂದ ಕೌನ್ಸಿಲ್ ಗೊತ್ತಾಗುವುದಿಲ್ಲ. ಸ್ವಂತ ಮನೆಯವರು ರೇಟ್ಸ್ (ಕೌನ್ಸಿಲ್ಲಿನ ಆಸ್ತಿ ತೆರಿಗೆ) ನೋಟಿಸ್ ನೋಡಬೇಕು, ಬಾಡಿಗೆಯವರು ರಾಜ್ಯದ ಜಾಲತಾಣದಲ್ಲಿ ವಿಳಾಸ ಹಾಕಿ ಹುಡುಕಬೇಕು. ರೇಟ್ಸ್ ನಾಲ್ಕು ಕಂತು: ಆಗಸ್ಟ್, ನವೆಂಬರ್, ಫೆಬ್ರುವರಿ, ಮೇ ತಿಂಗಳ ಕೊನೆಯ ದಿನ.

ಯುಗಾದಿಗೋ ರಾಜ್ಯೋತ್ಸವಕ್ಕೋ ಕೌನ್ಸಿಲ್ಲಿನ ಸಭಾಭವನ ಹಿಡಿಯುವವರಿಗೆ ಇದು ಮುಖ್ಯ. ಅರ್ಜಿ, ಠೇವಣಿ, ಸಂಘದ ನೋಂದಣಿ, ಸಾರ್ವಜನಿಕ ಹೊಣೆಯ ವಿಮೆ (ಸಂಘಗಳಿಗೆ ಸಾಮಾನ್ಯವಾಗಿ 2 ಕೋಟಿ ಡಾಲರಿನದು) ಎಲ್ಲ ಮೊದಲೇ ಬೇಕು. ಸಿದ್ಧತೆಯ, ಗುಡಿಸಿ ಒರೆಸುವ ಹೊತ್ತೂ ಬಾಡಿಗೆಯ ಅವಧಿಯೊಳಗೇ ಸೇರುತ್ತದೆ. ಮಂಗಳಾರತಿಯ ಕರ್ಪೂರಕ್ಕೂ ಒಗ್ಗರಣೆಯ ಹೊಗೆಗೂ ಅಗ್ನಿಸೂಚಕ ಕೂಗುತ್ತದೆ. ಅಗ್ನಿಶಾಮಕ ವಾಹನ ಸುಮ್ಮನೆ ಬಂದುಹೋದರೂ ಭಾರಿ ಶುಲ್ಕ ಬೀಳಬಹುದು. ದೀಪ ಹೊರಗೆ ಬೆಳಗುವ ಏರ್ಪಾಡನ್ನು ಅರ್ಜಿಯಲ್ಲೇ ಬರೆದು ಕೇಳಿ.

ಬೆಳಿಗ್ಗೆ ಎಪ್ಪಿಂಗಿಗೆ ಹೋಗಿ. ಚೀನೀ, ಕೊರಿಯನ್ ಅಂಗಡಿಗಳು, ನಿಲ್ದಾಣದ ಸುತ್ತ ಎತ್ತರದ ಮನೆಗಳು. ಮೊದಲು ಊರಿನ ಒಂದು ಪಾಲು ಹಾರ್ನ್ಸ್‌ಬಿ ಕೌನ್ಸಿಲ್ಲಿನದಾಗಿತ್ತು; 2016ರಲ್ಲಿ ಎಂ2 ಹೆದ್ದಾರಿಯ ದಕ್ಷಿಣವೆಲ್ಲ ಪ್ಯಾರಮ್ಯಾಟಕ್ಕೆ ಬಂತು. ಹಾರ್ನ್ಸ್‌ಬಿಗೆ ಬದಲಾಗಿ ಪಕ್ಕದ ಕು-ರಿಂಗ್-ಗೈ ಕೌನ್ಸಿಲ್ ಸೇರಬೇಕಿತ್ತು. ಆ ಕೌನ್ಸಿಲ್ ನ್ಯಾಯಾಲಯಕ್ಕೆ ಹೋಯಿತು, 2017ರಲ್ಲಿ ಸರ್ಕಾರ ಉಳಿದ ವಿಲೀನಗಳನ್ನೆಲ್ಲ ಕೈಬಿಟ್ಟಿತು. ಹಾರ್ನ್ಸ್‌ಬಿ ಎಪ್ಪಿಂಗಿನ ರೇಟ್ಸ್ ಆದಾಯವನ್ನು ಕಳೆದುಕೊಂಡು ಹಾಗೇ ಉಳಿಯಿತು.

ಎಪ್ಪಿಂಗಿನಿಂದ ಟಿ9 ರೈಲಿನಲ್ಲಿ ರೋಡ್ಸ್‌ಗೆ ಇಳಿದು, 2016ರಲ್ಲಿ ತೆರೆದ ಬೆನೆಲಾಂಗ್ ಸೇತುವೆಯ ಮೇಲೆ ನಡೆಯಿರಿ. ಇದರ ಮೇಲೆ ಬಸ್ಸು, ಸೈಕಲ್ಲು, ಕಾಲ್ನಡಿಗೆಯವರು ಮಾತ್ರ, ಕಾರಿಗೆ ಬಿಡುವುದಿಲ್ಲ. ಒಂದು ತುದಿ ಕೆನಡಾ ಬೇ ಕೌನ್ಸಿಲ್, ಇನ್ನೊಂದು ತುದಿಯ ವೆಂಟ್‌ವರ್ತ್ ಪಾಯಿಂಟ್ ಪ್ಯಾರಮ್ಯಾಟ. ಕೆಳಗಿನ ಹೋಮ್‌ಬುಷ್ ಕೊಲ್ಲಿಯ ಕೆಸರಿನಲ್ಲಿ ರೋಡ್ಸಿನ ಹಳೆಯ ರಾಸಾಯನಿಕ ಕಾರ್ಖಾನೆಗಳಿಂದ ಇಳಿದ ಡಯಾಕ್ಸಿನ್ ಎಂಬ ವಿಷ ಇದೆ. ಹಾರ್ಬರ್ ಬ್ರಿಡ್ಜಿನ ಪಶ್ಚಿಮಕ್ಕೆ ಹಿಡಿದ ಮೀನು, ಸಿಗಡಿ, ಏಡಿ ಯಾವುದನ್ನೂ ತಿನ್ನಬಾರದೆಂದು 2006ರಿಂದ ಸರ್ಕಾರದ ಸಲಹೆಯಿದೆ. ಗಾಳ ಹಾಕುವುದಕ್ಕೆ ಅಡ್ಡಿಯಿಲ್ಲ, ಹಿಡಿದದ್ದನ್ನು ನೀರಿಗೇ ಬಿಡಬೇಕು.

ಒಲಿಂಪಿಕ್ ಪಾರ್ಕಿನಲ್ಲಿ ಇಟ್ಟಿಗೆ ಗುಂಡಿಯ ಮೇಲಿನ ವೃತ್ತಾಕಾರದ ನಡಿಗೆದಾರಿಯನ್ನು ತಪ್ಪಿಸಬೇಡಿ. 2000ದ ಒಲಿಂಪಿಕ್ಸಿಗೆ ಟೆನ್ನಿಸ್ ಅಂಗಣ ಬರಬೇಕಿದ್ದ ಈ ಗುಂಡಿಯಲ್ಲಿ ಅಳಿವಿನಂಚಿನ ಹಸಿರು-ಹೊನ್ನಿನ ಕಪ್ಪೆ ಸಿಕ್ಕಿತು, ಅಂಗಣ ಬೇರೆಡೆಗೆ ಹೋಯಿತು. ಇದು ಪ್ಯಾರಮ್ಯಾಟದ ಗಡಿಯೊಳಗಿದ್ದರೂ ನೆಲವನ್ನು ನೋಡಿಕೊಳ್ಳುವುದು ರಾಜ್ಯದ ಪ್ರಾಧಿಕಾರ. ಬೀದಿದೀಪ ಕೆಟ್ಟರೂ ಬೆಂಚು ಮುರಿದರೂ ದೂರು ಅಲ್ಲಿಗೆ. ಪಂದ್ಯ, ಸಂಗೀತ ಕಚೇರಿಯ ದಿನಗಳಲ್ಲಿ ಇಲ್ಲಿಗೆ ವಿಶೇಷ ರೈಲು ಬಿಡುತ್ತಾರೆ. ಉಳಿದ ದಿನ ಲಿಡ್‌ಕಮ್ಬಿನಲ್ಲಿ ರೈಲು ಬದಲಿಸಬೇಕು. ವೆಸ್ಟ್‌ಮೀಡ್, ಪ್ಯಾರಮ್ಯಾಟ, ಒಲಿಂಪಿಕ್ ಪಾರ್ಕುಗಳನ್ನು ನಗರಕ್ಕೆ ಸೇರಿಸುವ ಮೆಟ್ರೋದ ಸುರಂಗ ಈ ನೆಲದಡಿಯಲ್ಲೇ ಇದೆ. 2032ಕ್ಕೆ ಓಡಿಸುವ ಗುರಿ.